ಪುಟಾಣಿ ರೈಲು ವಾಹನವಾ, ಮಿಸ್?

ನಾನು ಬೆಂಗಳೂರಿನಲ್ಲಿ ಸಿವಿಲ್ ಕೇಸುಗಳನ್ನು ನಡೆಸುವ ವಕೀಲೆ. ಕೋರ್ಟ್ ರಜೆ ಇರುವ ಶನಿವಾರಗಳಲ್ಲಿ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ಕ್ಲಾಸಿಗೆ ಪಾಠ ಮಾಡಲು ಹೋಗುತ್ತೇನೆ. ಮೊದಲ ಸಲ ಹೋದಾಗ ಹೆಡ್ ಮಾಸ್ಟರ್ ಕೇಳಿದರು: "ಮೂಲಭೂತ ಹಕ್ಕು, ಕರ್ತವ್ಯ ಎಲ್ಲಾ ಸಮಾಜ ವಿಜ್ಞಾನದ ಪುಸ್ತಕದಲ್ಲೇ ಇದೆಯಲ್ಲ ಮೇಡಂ, ನೀವು ಹೊಸದಾಗಿ ಏನು ಹೇಳ್ತೀರಿ?" ನ್ಯಾಯವಾದ ಪ್ರಶ್ನೆಯೇ. ಆರು ಹಕ್ಕುಗಳನ್ನು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. "ಯಾಕೆ ಬೇಕು ಅದು?" ಅಂದರೆ ಮಾತ್ರ ಎಲ್ಲರೂ ಬೆಂಚು ನೋಡುತ್ತಾರೆ.

ಹಾಗಾಗಿ ನಾನು ಸಂವಿಧಾನದಿಂದ ಶುರು ಮಾಡುವುದಿಲ್ಲ. ಬೋರ್ಡ್ ಮೇಲೆ ಒಂದೇ ಸಾಲು ಬರೆಯುತ್ತೇನೆ: "ಪಾರ್ಕಿನೊಳಗೆ ವಾಹನ ತರಬಾರದು." ಆಕ್ಸ್‌ಫರ್ಡ್‌ನ ಕಾನೂನು ಚಿಂತಕ ಎಚ್.ಎಲ್.ಎ. ಹಾರ್ಟ್ 1958ರಲ್ಲಿ ಬರೆದ ಲೇಖನದ ಉದಾಹರಣೆ ಇದು. ಕಾನೂನು ಓದಿದವರಿಗೆಲ್ಲ ಗೊತ್ತು. ನಾನು ಅದನ್ನು ಕಬ್ಬನ್ ಪಾರ್ಕಿಗೆ ತಂದೆ, ಅಷ್ಟೇ.

ಕಾರು ಬರಬಹುದಾ? ಇಲ್ಲ. ಬೈಕು? ಇಲ್ಲ. ಸೈಕಲ್ಲು? ಇಲ್ಲಿ ಕ್ಲಾಸು ಎರಡಾಗುತ್ತದೆ. ಗಾಲಿಕುರ್ಚಿ? ಆಂಬುಲೆನ್ಸ್? ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, "ಬಾಲಭವನದ ಪುಟಾಣಿ ರೈಲು ವಾಹನವಾ, ಮಿಸ್?" ಅಂದ. ಬಾಲಭವನ ಇರುವುದು ಕಬ್ಬನ್ ಪಾರ್ಕಿನೊಳಗೇ. ಅಲ್ಲಿಂದಾಚೆ ನನಗೆ ಮಾತಾಡಲು ಬಿಡಲೇ ಇಲ್ಲ. "ಚಕ್ರ ಇದೆ, ಎಂಜಿನ್ ಇದೆ, ಜನ ಕೂರ್ತಾರೆ, ವಾಹನವೇ" ಅಂತ ಒಬ್ಬಳು. "ಅದು ಹಳಿ ಬಿಟ್ಟು ಬಂದು ಯಾರಿಗೂ ಗುದ್ದಲ್ಲ. ವಾಕಿಂಗ್ ಮಾಡೋರಿಗೆ ಗುದ್ದಬಾರದು ಅಂತ ತಾನೇ ಬೋರ್ಡು ಹಾಕಿರೋದು?" ಅಂತ ಇನ್ನೊಬ್ಬಳು. "ಅಲ್ಲ, ಹೊಗೆ ಬರಬಾರದು ಅಂತ ಹಾಕಿದ್ದು" ಅಂದ ಮತ್ತೊಬ್ಬ. "ಹಾಗಾದ್ರೆ ಎಲೆಕ್ಟ್ರಿಕ್ ಸ್ಕೂಟರ್ ಬಿಡಬಹುದಾ?"

ನಿಯಮದ ಅಕ್ಷರ ಬೇರೆ, ಉದ್ದೇಶ ಬೇರೆ ಅನ್ನುವುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಹಾರ್ಟ್‌ಗೆ ಅದೇ ವರ್ಷ ಅಮೆರಿಕದ ಕಾನೂನು ಪ್ರೊಫೆಸರ್ ಲಾನ್ ಫುಲ್ಲರ್ ಕೇಳಿದ ಪ್ರಶ್ನೆಯನ್ನು ಮಾತ್ರ ಮುಂದಿಟ್ಟೆ: ಯುದ್ಧಕ್ಕೆ ಹೋಗಿ ಬಂದ ಮಿಲಿಟರಿ ಟ್ರಕ್ಕನ್ನು ಸ್ಮಾರಕ ಅಂತ ಪಾರ್ಕಿನಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದರೆ? "ಓಡದಿದ್ರೆ ವಾಹನ ಅಲ್ಲ" ಅಂದರು. "ಕೆಟ್ಟು ನಿಂತ ಕಾರು?" ಅಂತ ತಕ್ಷಣ ಪಕ್ಕದಿಂದ ಬಂತು.

ಕೊನೆಗೆ ಎಲ್ಲರದೂ ಒಂದೇ ಬೇಡಿಕೆ: ಸರಿ ಉತ್ತರ ಹೇಳಿ ಮಿಸ್. ಇದು ಪರೀಕ್ಷೆಗೆ ಬರುತ್ತಾ ಅನ್ನುವುದೂ ಇದ್ದೇ ಇರುತ್ತದೆ. ನಾನು ಹೇಳುವುದಿಲ್ಲ. ಜಡ್ಜ್ ಕೈಯಲ್ಲೂ ಉತ್ತರದ ಗೈಡ್ ಇರುವುದಿಲ್ಲ, ಅವರು ಕಾರಣ ಬರೆಯಲೇಬೇಕು, ನೀವೂ ಕಾರಣ ಬರೆಯಿರಿ ಅನ್ನುತ್ತೇನೆ.

ನನ್ನ ಕ್ಲಾಸಿನಲ್ಲಿ ಒಂದೇ ಕಟ್ಟುನಿಟ್ಟು. ನಿನ್ನ ವಾದ ಹೇಳುವ ಮೊದಲು ಎದುರಿನವರ ವಾದವನ್ನು, ಅವರೇ "ಹೌದು, ನಾನು ಹೇಳಿದ್ದು ಇದೇ" ಅನ್ನುವ ಹಾಗೆ ಹೇಳಬೇಕು. ಇದು ಕಸುಬಿನಿಂದ ಬಂದ ಅಭ್ಯಾಸ. ಎದುರು ಪಕ್ಷದ ವಕೀಲರು ಏನನ್ನುತ್ತಾರೆ ಅಂತ ಬರೆದುಕೊಳ್ಳದೆ ನಾನು ಕೋರ್ಟಿಗೆ ಹೋಗುವುದಿಲ್ಲ.

ಇದು ಚೆನ್ನಾಗಿ ಕೆಲಸ ಮಾಡಿದ್ದು ಶಕ್ತಿ ಯೋಜನೆಯ ಚರ್ಚೆಯಲ್ಲಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹುಡುಗರಿಗೆ ಹೊಟ್ಟೆಯುರಿ. "ಒಂದೇ ಸ್ಕೂಲು, ಒಂದೇ ಬಸ್ಸು, ನಮ್ಮ ಪಾಸಿಗೆ ಮಾತ್ರ ಯಾಕೆ ದುಡ್ಡು?" ಅಂತ ಜೋರು ಮಾಡಿದವನಿಗೇ ಹುಡುಗಿಯರ ಪರ ವಾದಿಸಲು ಹೇಳಿದೆ. ಮುಖ ಗಂಟು ಹಾಕಿಕೊಂಡ. ಆಮೇಲೆ ಹೇಳಿದ: "ನಮ್ಮಮ್ಮ ಮೊದಲು ಮನೆಕೆಲಸಕ್ಕೆ ನಡ್ಕೊಂಡೇ ಹೋಗ್ತಿದ್ರು, ಹತ್ತಿರದ ಮನೆಗಳು ಮಾತ್ರ. ಈಗ ದೂರದ ಅಪಾರ್ಟ್‌ಮೆಂಟಿಗೂ ಹೋಗ್ತಾರೆ, ಅಲ್ಲಿ ಸಂಬಳ ಜಾಸ್ತಿ." ಹುಡುಗರ ಪರ ನಿಂತ ಹುಡುಗಿ ಇನ್ನೂ ಚುರುಕು: "ಕಾರಿರೋ ಮನೆ ಆಂಟಿಗೂ ಫ್ರೀ, ಗಾರೆ ಕೆಲಸದೋರ ಮಗ ದುಡ್ಡು ಕೊಡಬೇಕು. ಗಂಡಸು ಹೆಂಗಸು ಅಂತ ನೋಡೋ ಬದಲು ಬಡವರು ಯಾರು ಅಂತ ನೋಡಬೇಕಿತ್ತು."

ಆಗ ಸಂವಿಧಾನ ತೆಗೆದೆ. 14ನೇ ವಿಧಿ, ಕಾನೂನಿನ ಮುಂದೆ ಎಲ್ಲರೂ ಸಮಾನರು. 15(3), ಮಹಿಳೆಯರಿಗೆ ಮತ್ತು ಮಕ್ಕಳಿಗೆ ಸರ್ಕಾರ ವಿಶೇಷ ಅವಕಾಶ ಮಾಡಬಹುದು. "ಮಾಡಬಹುದು ಅಂತಿದೆ, ಮಾಡಲೇಬೇಕು ಅಂತಿಲ್ವಲ್ಲ ಮಿಸ್" ಅಂದಳು ಅದೇ ಹುಡುಗಿ. "ಮಕ್ಕಳು ಅಂತಾನೂ ಇದೆ, ನಾವೂ ಮಕ್ಕಳೇ" ಅಂದರು ಹುಡುಗರು. ಮೊದಲೇ ಓದಿಸಿದ್ದರೆ ಈ ಸಾಲನ್ನು ಯಾರೂ ಹೀಗೆ ಹಿಂಜಿ ನೋಡುತ್ತಿರಲಿಲ್ಲ.

ಬಿಜೋ ಇಮ್ಯಾನುಯೆಲ್ ಕೇಸನ್ನು ಅರ್ಧಕ್ಕೆ ನಿಲ್ಲಿಸಿ ಹೇಳುತ್ತೇನೆ. 1985ರಲ್ಲಿ ಕೇರಳದ ಒಂದು ಶಾಲೆ ಮೂವರು ಮಕ್ಕಳನ್ನು ಹೊರಗೆ ಹಾಕಿತು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧರ್ಮದ ಕಾರಣಕ್ಕೆ ಹಾಡುತ್ತಿರಲಿಲ್ಲ. ನೀವಾದರೆ ಏನು ತೀರ್ಪು ಕೊಡುತ್ತೀರಿ? ಜಾಸ್ತಿ ಕೈಗಳು ಶಾಲೆಯ ಪರವೇ ಎದ್ದವು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟು, ಶಾಲೆಗೆ ವಾಪಸ್ ಸೇರಿಸಿಕೊಳ್ಳಿ ಅಂದಿತು. ಹಾಡಲೇಬೇಕು ಅನ್ನುವ ಕಾನೂನು ಯಾವುದೂ ಇಲ್ಲ ಅಂತ. ಇದನ್ನು ಕೇಳಿದ ಮೇಲೂ ಕೆಲವರು ತಮ್ಮ ಮಾತು ಬದಲಿಸಲಿಲ್ಲ. ಬದಲಿಸಬೇಕಾಗಿಯೂ ಇಲ್ಲ. ತೀರ್ಪನ್ನು ಪಾಲಿಸಬೇಕು, ಒಪ್ಪಲೇಬೇಕು ಅಂತೇನಿಲ್ಲ.

ಹೀಗೆ ಪಾಠ ಮಾಡಹೊರಟವರಿಗೆ ಒಂದು ಮಾತು. ಕುಡಿಯುವ ಅಪ್ಪ, ಬಾಲ್ಯವಿವಾಹ, ಮನೆಯಲ್ಲಿ ಹೊಡೆತ, ಇವನ್ನು ಚರ್ಚೆಗೆ ಇಡಬೇಡಿ. ಯಾರ ಮನೆಯ ಕಥೆ ಅಂತ ಇಡೀ ಕ್ಲಾಸಿಗೆ ಗೊತ್ತಿರುತ್ತದೆ. ಅದಕ್ಕೆ ಮಕ್ಕಳ ಸಹಾಯವಾಣಿ 1098 ಅನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಡಿ, ಸಾಕು.

ಮುಂದಿನ ವಿಷಯ ಮಕ್ಕಳೇ ಆರಿಸಿದ್ದಾರೆ: ಟೀಚರ್ ಕಿತ್ತುಕೊಂಡ ಮೊಬೈಲನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು? ಟೀಚರ್ ಪರ ಮೊಬೈಲ್ ಕಳೆದುಕೊಂಡ ಹುಡುಗನೇ ವಾದಿಸಬೇಕು. ಮಕ್ಕಳ ಪರ ವಾದಿಸಲು ಪಿ.ಟಿ. ಮಾಸ್ಟರ್ ಒಪ್ಪಿದ್ದಾರೆ.