ಬಳ್ಳಾರಿ ಜಾಲಿಯಲ್ಲಿ ಕೊಡತಿ ಮಾಡಿದ್ದು

ನಮ್ಮ ಬಳ್ಳಾರಿಯಲ್ಲಿ ಮನೆಗೆ ಏನಾದರೂ ಮರದ ಸಾಮಾನು ಮಾಡಬೇಕು ಅಂದರೆ ಮಾತು ಶುರುವಾಗುವುದು ತೇಗದಿಂದ. ದುಡ್ಡು ಸಾಲದಿದ್ದರೆ ಬೇವು, ಅದೂ ಬೇಡ ಅಂದರೆ ಪ್ಲೈವುಡ್. ಬಳ್ಳಾರಿ ಜಾಲಿಯ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ. ಅದು ಒಲೆಗೆ, ಇದ್ದಿಲಿಗೆ, ಹೆಚ್ಚೆಂದರೆ ಹೊಲದ ಬೇಲಿಗೆ. ನನ್ನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಈಗ ದಿನಾ ಕೈಗೆ ಬರುವ ಕೊಡತಿ (ಉಳಿ ಹೊಡೆಯುವ ಮರದ ಸುತ್ತಿಗೆ), ಉಳಿಗಳ ಹಿಡಿಕೆ, ಅಡುಗೆಮನೆಯ ಲಟ್ಟಣಿಗೆ ಎಲ್ಲ ಅದೇ ಮರದ್ದು.

ಈ ಗಿಡ ನಮ್ಮದಲ್ಲ. ಅಮೆರಿಕ ಖಂಡದ ಬಿಸಿ ಸೀಮೆಯದು. 1870ರ ದಶಕದಲ್ಲಿ ಬರಗಾಲದ ನೆಲಕ್ಕೆ ಸೌದೆಯಾಗಲಿ ಅಂತ ಬ್ರಿಟಿಷರು ತಂದು ಬಿತ್ತಿದರು. ಆಮೇಲೆ ಕೆರೆ, ಗೋಮಾಳ, ಕಾಲುವೆ ದಂಡೆ ಎಲ್ಲವನ್ನೂ ಅದೇ ನುಂಗಿತು. ಹಾಗಾಗಿ ಇದನ್ನು ಕಡಿದು ಬಳಸುವುದಕ್ಕೆ ನನಗೆ ಬೇಜಾರಿಲ್ಲ.

ನಾನು ಮರ ತಂದದ್ದು ಕಟ್ಟಿಗೆ ಅಡ್ಡೆಯಿಂದ. ಸೊಟ್ಟ ಕಡಿಮೆ ಇರುವ, ತೊಡೆ ಗಾತ್ರದ ಹಸಿ ಬೊಡ್ಡೆಗಳನ್ನು ಆರಿಸುತ್ತಾ ಕೂತಿದ್ದೆ. "ಸಾರ್, ಒಲೆಗೆ ಹಾಕೋ ಕಟ್ಟಿಗಿ, ಅದ್ರಾಗೇನು ಚಂದ ನೋಡ್ತೀರಿ?" ಅಂತ ಅಡ್ಡೆಯವನು ನಕ್ಕ. ತೂಕದ ಲೆಕ್ಕದಲ್ಲಿ ಸೌದೆಯ ರೇಟಿಗೇ ಕೊಟ್ಟ. ಅಷ್ಟು ಸಾಕಲ್ವಾ?

ಅಸಲಿ ಕೆಲಸ ಇರುವುದು ಒಣಗಿಸುವುದರಲ್ಲಿ. ಮರದ ನೀರು ಪಕ್ಕದಿಂದ ಹೋಗುವುದಕ್ಕಿಂತ ಎಷ್ಟೋ ಪಟ್ಟು ಬೇಗ ಕಡಿದ ತುದಿಯಿಂದ ಹೋಗುತ್ತದೆ. ತುದಿ ಮೊದಲು ಒಣಗಿ ಕುಗ್ಗುತ್ತದೆ, ನಡು ಇನ್ನೂ ಹಸಿಯಾಗಿಯೇ ಇರುತ್ತದೆ, ಆ ಎಳೆದಾಟಕ್ಕೆ ತುದಿ ಸೀಳುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಗಾಳಿಗೆ ಸುಮ್ನೆ ಬಿಟ್ಟರಂತೂ ಕೇಳುವುದೇ ಬೇಡ. ಅದಕ್ಕೆ ತಂದ ದಿನವೇ ಎರಡೂ ತುದಿಗೆ ಮಿಕ್ಕಿದ ಆಯಿಲ್ ಪೇಂಟನ್ನು ದಪ್ಪಗೆ ಎರಡು ಸಲ ಬಳಿದೆ. ಕರಗಿಸಿದ ಮೇಣವೂ ಆಗುತ್ತದೆ. ಆಮೇಲೆ ಸಾಮಿಲ್‌ನಲ್ಲಿ ಬೊಡ್ಡೆಯನ್ನು ನಡುವಿನ ತಿರುಳಿನ ಮೇಲೇ ಉದ್ದಕ್ಕೆ ಸೀಳಿಸಿದೆ. ತಿರುಳು ಇಡಿಯಾಗಿ ಒಳಗೇ ಉಳಿದ ತುಂಡು ಇವತ್ತಲ್ಲ ನಾಳೆ ಬಿರಿಯುತ್ತದೆ.

ಸೀಳಿದ ತುಂಡುಗಳನ್ನು ಶೆಡ್ಡಿನೊಳಗೆ, ನೆಲದಿಂದ ಎತ್ತರಕ್ಕೆ, ನಡುವೆ ಸಣ್ಣ ಪಟ್ಟಿ ಕೊಟ್ಟು ಪೇರಿಸಿದೆ. ಬೇಸಿಗೆಯಲ್ಲಿ ಗಾಳಿ ಬರುವ ಕಡೆ ಗೋಣಿಚೀಲ ಇಳಿಬಿಟ್ಟೆ. ಒಣಗಿತೋ ಇಲ್ಲವೋ ತಿಳಿಯಲು ಮೀಟರ್ ಬೇಕಿಲ್ಲ, ತಕ್ಕಡಿ ಸಾಕು. ಪ್ರತಿ ತಿಂಗಳು ಒಂದೇ ತುಂಡನ್ನು ತೂಗಿ, ಅದರ ಮೇಲೆಯೇ ತೂಕ ಬರೆಯುತ್ತಾ ಹೋಗಬೇಕು. ತೂಕ ಇಳಿಯುವುದು ನಿಂತರೆ ನಮ್ಮೂರ ಗಾಳಿಗೆ ತಕ್ಕಷ್ಟು ಒಣಗಿದೆ ಅಂತ ಅರ್ಥ. ನನ್ನ ಮೂರಿಂಚಿನ ತುಂಡುಗಳಿಗೆ ವರ್ಷದ ಮೇಲೇ ಹಿಡಿಯಿತು. ಅವಸರದವರಿಗೆ ಈ ಮರ ಆಗುವುದಿಲ್ಲ.

ಕಾದವರಿಗೆ ಒಂದು ಲಾಭ ಇದೆ. ಈ ಜಾಲಿ ಒಣಗುವಾಗ ಕುಗ್ಗುವುದು ಬಹಳ ಕಡಿಮೆ, ತೇಗಕ್ಕಿಂತಲೂ ಕಡಿಮೆ. ಮಳೆಗಾಲಕ್ಕೆ ಬಿಗಿ, ಬೇಸಿಗೆಗೆ ಸಡಿಲ ಅನ್ನುವ ಕಾಟ ಇದರಲ್ಲಿ ಅಷ್ಟಾಗಿ ಇಲ್ಲ.

ಹುಳು ಮಾತ್ರ ಬಿಡುವುದಿಲ್ಲ. ಹೊರಗಿನ ಹಳದಿ ಪದರ ಕುಟ್ಟೆ ಹುಳುವಿಗೆ ಹಬ್ಬ. ಒಳಗಿನ ಕೆಂಗಂದು ಚೇಗು ಗಟ್ಟಿ. ಕೊಡತಿಗೆ ನಾನು ಹಳದಿ ಭಾಗವನ್ನು ಪೂರ್ತಿ ತೆಗೆದುಹಾಕಿದೆ. ಉಳಿಸಿಕೊಳ್ಳಲೇಬೇಕಾದ ಕಡೆ ಒಂದು ಪಾಲು ಬೋರಿಕ್ ಪೌಡರ್, ಒಂದೂವರೆ ಪಾಲು ಬಿಳಿಗಾರ ಬಿಸಿನೀರಲ್ಲಿ ಕರಗಿಸಿ ಬಳಿಯುತ್ತೇನೆ. ಲಟ್ಟಣಿಗೆಯಂಥ ಊಟದ ಸಾಮಾನಿಗೆ ಮಾತ್ರ ಅದನ್ನು ಹಚ್ಚಬಾರದು.

ಕೊಡತಿಯ ತಲೆ ಆರಿಂಚು ಉದ್ದ, ನಾಲ್ಕಿಂಚು ಎತ್ತರ, ಎರಡೂವರೆ ಇಂಚು ದಪ್ಪ. ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ, ಉಳಿ ಹೊಡೆಯಲು ಹದವಾದ ಭಾರ. ಹಿಡಿಕೆಗೆ ನೆಟ್ಟಗಿನ ಎಳೆ ಬೇಕು, ಬಳ್ಳಾರಿ ಜಾಲಿಯಲ್ಲಿ ಅಷ್ಟುದ್ದ ನೆಟ್ಟಗೆ ಸಿಗುವುದು ಕಷ್ಟ. ಸಿರುಗುಪ್ಪದ ಕಡೆ ನಮ್ಮ ಮಾವನ ಮನೆಯಲ್ಲಿ ಹಳೆ ಬಂಡಿಯ ಕರಿಜಾಲಿ ತುಂಡೊಂದು ಬಿದ್ದಿತ್ತು, ಅದನ್ನೇ ತಂದೆ.

ತಲೆಯ ತೂತಿನಲ್ಲೇ ಜಾಣತನ ಇರುವುದು. ಕೆಳಗೆ ಒಂದೂಕಾಲು ಇಂಚು, ಮೇಲೆ ಒಂದೂವರೆ ಇಂಚು ಅಗಲ. ಹಿಡಿಕೆಯ ಮೇಲ್ತುದಿಯೂ ಅದೇ ಅಳತೆಗೆ ಅಗಲ. ಹಿಡಿಕೆಯನ್ನು ಮೇಲಿಂದ ಇಳಿಸಬೇಕು. ಬೀಸಿದಾಗೆಲ್ಲ ತಲೆ ಹೊರಗೆ ಜಾರಲು ನೋಡುತ್ತದೆ, ಅಗಲದ ಕಡೆಗೆ ಸರಿದು ಇನ್ನೂ ಬಿಗಿಯಾಗುತ್ತದೆ. ಅಂಟು ಬೇಡ, ಮೊಳೆ ಬೇಡ. ಇನ್ನೊಂದು, ಹೊಡೆಯುವ ಎರಡು ಮುಖಗಳೂ ಹಿಡಿಕೆಯ ಕಡೆಗೆ ಸ್ವಲ್ಪ ಒಳವಾಲಬೇಕು, 3ರಿಂದ 5 ಡಿಗ್ರಿ. ತೋಳು ಕಮಾನಾಗಿ ಬೀಸುವುದರಿಂದ ಆಗ ಮುಖ ಉಳಿಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ.

ತೂತನ್ನು ಎರಡೂ ಕಡೆಯಿಂದ ಡ್ರಿಲ್ ಮಾಡಿ ನಡುವೆ ಸೇರಿಸಿದೆ. ಡ್ರಿಲ್ ನಿಧಾನ ಇರಲಿ, ಬಿಟ್ಟನ್ನು ಆಗಾಗ ಹೊರಗೆಳೆದು ಪುಡಿ ಕೆಡವಬೇಕು, ಇಲ್ಲದಿದ್ದರೆ ಹೊಗೆ ಏಳುತ್ತದೆ. ಮಿಕ್ಕಿದ್ದು ಉಳಿಯ ಕೆಲಸ. 25 ಡಿಗ್ರಿಗೆ ಸಾಣೆ ಹಿಡಿದ ಬಾಯಿ ಇಷ್ಟು ಗಟ್ಟಿ ಮರದಲ್ಲಿ ಚಕ್ಕೆ ಏಳುತ್ತದೆ, 30ಕ್ಕೆ ಏರಿಸಿಕೊಂಡರೆ ತಾಳುತ್ತದೆ.

ರಂದಾ ಹೊಡೆಯುವುದು ಅರ್ಧ ದಾರಿಯವರೆಗೆ ಮಾತ್ರ. ಎಳೆ ಅತ್ತಿತ್ತ ತಿರುಗಿರುವುದರಿಂದ ಒಂದು ಕಡೆ ನುಣುಪಾದರೆ ಪಕ್ಕದಲ್ಲೇ ಕಿತ್ತುಬರುತ್ತದೆ. ನಮ್ಮ ಬಡಿಗೇರರು ಒಡೆದ ಗಾಜಿನ ಚೂರಿನಲ್ಲಿ ಕೆರೆಯುತ್ತಾರಲ್ಲ, ಅದೇ ಸರಿಯಾದ ಉಪಾಯ. ನಾನು ಹಳೆ ಗರಗಸದ ತಗಡನ್ನು ಕತ್ತರಿಸಿ ಬಳಸಿದೆ. ಕೈಗೆ ಚರ್ಮದ ಗವಸು, ಮೂಗಿಗೆ ಮಾಸ್ಕ್ ಬೇಕೇ ಬೇಕು. ಇದರ ಧೂಳು ಗಂಟಲು ಕೆರೆಯುತ್ತದೆ.

ಕೊನೆಗೆ ಅಗಸೆ ಎಣ್ಣೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಒರೆಸಿ, ವಾರ ಬಿಟ್ಟು ಮತ್ತೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಕಾವು ಹುಟ್ಟಿಸುತ್ತದೆ, ಮುದ್ದೆಯೊಳಗೆ ಕಾವು ಸೇರಿದರೆ ಬೆಂಕಿ ಹತ್ತುತ್ತದೆ. ನಾನು ಬಟ್ಟೆಯನ್ನು ನೀರಲ್ಲಿ ಅದ್ದಿ, ಹೊರಗೆ ಕಲ್ಲಿನ ಮೇಲೆ ಒಂದೇ ಪದರವಾಗಿ ಹರಡಿ, ಗಟ್ಟಿಯಾಗಿ ಸೆಟೆದ ಮೇಲೆ ಕಸಕ್ಕೆ ಹಾಕುತ್ತೇನೆ.