ಅಜ್ಜಿ ಬಾಯಲ್ಲಿ ಹುಣ್ಣಾ? ಉಷ್ಣ ಅಂತ ಸುಮ್ನಾಗ್ಬೇಡಿ, ಟಾರ್ಚ್ ಹಾಕಿ ನೋಡಿ

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ವಯಸ್ಸಾದವ್ರಿಗೆ ಬಾಯಿ ಹುಣ್ಣಾದ್ರೆ ಮನೇಲಿ ಒಂದೇ ಮಾತು, ಉಷ್ಣ ಆಗಿದೆ ಮಜ್ಜಿಗೆ ಕುಡೀರಿ ಅಂತ, ಅದಕ್ಕೂ ಕೇಳ್ಲಿಲ್ಲ ಅಂದ್ರೆ ಮೆಡಿಕಲ್‌ನಿಂದ ಒಂದು ಸ್ಟ್ರಿಪ್ ಬಿ ಕಾಂಪ್ಲೆಕ್ಸ್. ಸಣ್ಣ ಹುಣ್ಣು ಒಂದು ವಾರ ಹತ್ತು ದಿನಕ್ಕೆ ತಾನಾಗೇ ಮಾಯತ್ತೆ, ಹೆಸರು ಮಜ್ಜಿಗೆಗೆ ಬರತ್ತೆ! ಆದ್ರೆ ಅರವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹುಣ್ಣಿಗೆ ಸಾಮಾನ್ಯವಾಗಿ ಬೇರೆ ಏನೋ ಕಾರಣ ಇರತ್ತೆ, ಅದನ್ನ ಹುಡುಕ್ಬೇಕು.

ಮೊದಲು ಸರಿಯಾಗಿ ನೋಡಿ. ಹಲ್ಲು ಸೆಟ್ ಇದ್ರೆ ತೆಗೆಸಿ, ಬೆಳಕಿಗೆ ಕೂರಿಸಿ, ಮೊಬೈಲ್ ಟಾರ್ಚ್ ಹಾಕಿ. ತುಟಿ ಒಳಗೆ, ಎರಡೂ ಕೆನ್ನೆ ನೋಡಿ, ನಾಲಿಗೆ ತುದೀನ ಬಟ್ಟೇಲಿ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ಅಂಚು ನೋಡಿ, ಮೇಲೆತ್ತಿಸಿ ಅಡಿನೂ ನೋಡಿ. ಒಂದು ಫೋಟೋ ತೆಗೆದಿಡಿ, ಯಾವತ್ತಿಂದ ಇದೆ ಅನ್ನೋ ಲೆಕ್ಕ ತಪ್ಪಲ್ಲ.

ಹುಣ್ಣು ಸೆಟ್ಟಿನ ಅಂಚು ತಾಗೋ ಜಾಗದಲ್ಲೇ ಇದ್ಯಾ? ವರ್ಷ ಕಳೆದಂಗೆ ದವಡೆ ಸವೆದು ಸೆಟ್ ಲೂಸಾಗಿ ಉಜ್ಜತ್ತೆ. ಮನೇಲೇ ಉಪ್ಪುಕಾಗದ ತಗೊಂಡು ತಿಕ್ಕೋಕೆ ಹೋಗ್ಬೇಡಿ, ಡೆಂಟಿಸ್ಟ್ ಹತ್ರ ಸರಿ ಮಾಡಿಸಿ. ರಾತ್ರಿ ಸೆಟ್ ತೆಗೆದು, ಸೋಪು ಹಾಕಿ ಬ್ರಷ್ ಮಾಡಿ ತಣ್ಣೀರಲ್ಲಿ ಇಡಿ. ಕುದಿಯೋ ನೀರು ಹಾಕಿದ್ರೆ ಡೊಂಕಾಗತ್ತೆ. ಮುರಿದ ಹಲ್ಲಿನ ಚೂಪು ತಾಗಿದ್ರೂ ಹೀಗೇ ಹುಣ್ಣಾಗತ್ತೆ.

ಆಮೇಲೆ ಮಾತ್ರೆ ಕವರ್ ಬಿಚ್ಚಿ. ಅಲರ್ಜಿ, ಖಿನ್ನತೆ ಮಾತ್ರೆ, ಕೆಲವು ಬಿಪಿ ಮಾತ್ರೆಗಳು ಬಾಯಿ ಒಣಗಿಸ್ತವೆ. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಲೆ ತಗೊಂಡ್ರೆ ಬಿ12 ಕಮ್ಮಿ ಆಗ್ಬಹುದು, ಬ್ಲಡ್ ಟೆಸ್ಟ್ ಮಾಡಿಸಿ. ಹಾರ್ಟಿಗೆ ಕೊಡೋ ನಿಕೊರಾಂಡಿಲ್ ಕೂಡ ಹುಣ್ಣು ಮಾಡತ್ತೆ. ಇನ್‌ಹೇಲರ್ ಎಳ್ಕೊಂಡ ಮೇಲೆ ಬಾಯಿ ಮುಕ್ಕಳಿಸ್ಬೇಕು. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೊಂದ್ಸಲ ತಗೊಳ್ಳೋದು, ಯಾರಾದ್ರೂ ಮರೆತು ದಿನಾ ತಗೊಂಡಿದ್ರೆ ಹುಣ್ಣಿಗೆ ಕಾಯ್ದೇ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹುಣ್ಣು ಬಂದಿದ್ರಂತೂ ಅದು ಅಪಾಯದ ಸೂಚನೆ. ಮಿಕ್ಕ ಮಾತ್ರೆಗಳನ್ನ ಡಾಕ್ಟರನ್ನ ಕೇಳದೆ ನಿಲ್ಲಿಸ್ಬೇಡಿ.

ನೋವಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸಿ ಉಗುಳಿ. ಸುಣ್ಣ, ಲವಂಗದ ಎಣ್ಣೆ ಬೇಡ, ನೋವಿನ ಮಾತ್ರೆ ಪುಡಿ ಮಾಡಿ ಒತ್ತೋದೂ ಬೇಡ, ಇನ್ನೂ ಸುಡತ್ತೆ. ಮುದ್ದೆ ಆರಿಸಿ ಕೊಡಿ, ಉಪ್ಸಾರಿನ ಖಾರ ನಾಲ್ಕು ದಿನ ಪಕ್ಕಕ್ಕಿಡಿ. ಕಾಫಿ ಬಿಡಿ ಅಂದ್ರೆ ನಮ್ಮೂರಲ್ಲಿ ಯಾರೂ ಕೇಳಲ್ಲ, ಆರಿಸ್ಕೊಂಡಾದ್ರೂ ಕುಡೀಲಿ.

ಎಲೆಅಡಿಕೆ ಮಾತ್ರ ನಿಲ್ಲಿಸ್ಲೇಬೇಕು. ಹೊಗೆಸೊಪ್ಪು ಇಲ್ದಿದ್ರೂ ಬರೀ ಅಡಿಕೆಯಿಂದಲೇ ಕ್ಯಾನ್ಸರ್ ಬರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ವರದಿ ಪ್ರಕಟಿಸಿದೆ. ತರೀಕೆರೆ, ಕಡೂರು ಕಡೆ ಅಡಿಕೆ ಬೆಳೆಯೋರಿಗೆ ಇದು ಹಿಡಿಸಲ್ಲ ಗೊತ್ತು.

ಎರಡು ವಾರ ಆದ್ರೂ ಮಾಯ್ದಿದ್ರೆ ಡೆಂಟಿಸ್ಟ್‌ಗೆ ತೋರಿಸ್ಲೇಬೇಕು, ಹಾಸನದಲ್ಲಂತೂ ಹಾಸನಾಂಬ ಡೆಂಟಲ್ ಕಾಲೇಜೇ ಇದೆ. ಗಟ್ಟಿ ಅಂಚಿನ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕತ್ತಿನಲ್ಲಿ ಗಂಟು, ಬಾಯಿಗೆ ಮೂರು ಬೆರಳು ಹೋಗ್ದೇ ಇರೋದು, ಇವಿದ್ರೆ ಎರಡು ವಾರನೂ ಕಾಯ್ಬೇಡಿ. ನೋವಿಲ್ಲ ಅಂತ ಅಜ್ಜಿ ಹೇಳಿದ್ರೆ ಸಮಾಧಾನ ಪಡ್ಬೇಡಿ, ಶುರುವಲ್ಲಿ ಕ್ಯಾನ್ಸರ್ ಹುಣ್ಣು ಎಷ್ಟೋ ಸಲ ನೋಯೋದೇ ಇಲ್ಲ. ಚೂರು ತೆಗೆದು ಟೆಸ್ಟಿಗೆ ಕಳಿಸಿದ್ರೆ ಹರಡ್ಬಿಡತ್ತೆ ಅನ್ನೋದು ಸುಳ್ಳು. ಹೋಗುವಾಗ ಮಾತ್ರೆ ಕವರ್, ಫೋಟೋ ಜೊತೆ ಹಲ್ಲು ಸೆಟ್ಟೂ ಡಬ್ಬೀಲಿ ತಗೊಂಡೋಗಿ, ಎಲ್ಲಿ ಉಜ್ತಿದೆ ಅಂತ ಅದನ್ನ ಹಾಕಿಸಿಯೇ ನೋಡ್ಬೇಕಾಗತ್ತೆ.