ನಾನು ಹುಟ್ಟಿದ ವರ್ಷಕ್ಕೆ ನಾನೇ ಆಧಾರ ಹುಡುಕಿದ ಕಥೆ

ವಿಕಿಪೀಡಿಯದಲ್ಲಿ ನನ್ನ ಬಗ್ಗೆ ಒಂದು ಪುಟ ಇದೆ ಅಂತ ನನಗೆ ಗೊತ್ತಾಗಿದ್ದು ವೇದಿಕೆಯ ಮೇಲೆ. ಪರಿಚಯ ಮಾಡಿಕೊಡುತ್ತಿದ್ದವರು ನನ್ನ ವಯಸ್ಸಿಗೆ ನಾಲ್ಕು ವರ್ಷ ಸೇರಿಸಿದರು. ಆಮೇಲೆ ನನ್ನದೊಂದು ಕವನ ಸಂಕಲನವನ್ನು ಬಾಯಿ ತುಂಬ ಹೊಗಳಿದರು. ನಾನು ಬರೆದಿರುವುದು ಕಥೆ, ಕಾದಂಬರಿ. ಇವತ್ತಿನವರೆಗೆ ಒಂದೇ ಒಂದು ಕವಿತೆಯನ್ನೂ ಅಚ್ಚಿಗೆ ಕೊಟ್ಟಿಲ್ಲ.

ಅವತ್ತು ರಾತ್ರಿ ಪುಟ ತೆರೆದು ನೋಡಿದೆ. ಹುಟ್ಟಿದ ವರ್ಷ ತಪ್ಪು. ನನ್ನದೇ ಹೆಸರಿನ ಇನ್ನೊಬ್ಬರ ಸಂಕಲನ ನನ್ನ ಕೃತಿಗಳ ಪಟ್ಟಿಯಲ್ಲಿ. ಮೊದಲ ಕಾದಂಬರಿ ನನ್ನ ಸ್ವಂತ ವಿಚ್ಛೇದನದ ಕಥೆ ಅಂತ ಒಂದು ಸಾಲು, ಅದಕ್ಕೆ ಆಧಾರ ಏನೂ ಇಲ್ಲ. ನನಗೆ ವಿಚ್ಛೇದನವೇ ಆಗಿಲ್ಲ! ಕೊನೆಗೆ, ಎರಡನೆಯ ಕಾದಂಬರಿ ಎಳೆದಾಡುತ್ತದೆ ಎಂಬ ಒಬ್ಬ ವಿಮರ್ಶಕರ ಮಾತು. ಇದು ಮಾತ್ರ ನಿಜವಾಗಿ ಅಚ್ಚಾಗಿದ್ದ ಮಾತು. ನನಗೆ ಜಾಸ್ತಿ ಉರಿದಿದ್ದೂ ಅದೇ.

‘ಸಂಪಾದಿಸಿ’ ಒತ್ತಿ ಎಲ್ಲವನ್ನೂ ತಿದ್ದಿದೆ. ಸಂದಿಯಲ್ಲಿ ವಿಮರ್ಶಕರ ಸಾಲನ್ನೂ ಅಳಿಸಿದೆ. ಬದಲಾವಣೆಯ ಕಾರಣ ಕೇಳುವ ಜಾಗದಲ್ಲಿ “ಇದು ನನ್ನ ಪುಟ, ನನಗೆ ಗೊತ್ತಿಲ್ಲವಾ?” ಅಂತ ಬರೆದೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಮೊದಲಿನ ಹಾಗೇ. ಮತ್ತೆ ತಿದ್ದಿದೆ, ಮತ್ತೆ ವಾಪಸ್. ಮೂರನೆಯ ಸಲಕ್ಕೆ ಎಚ್ಚರಿಕೆ ಬಂತು. 24 ಗಂಟೆಯೊಳಗೆ ಒಂದೇ ಪುಟದಲ್ಲಿ ಇನ್ನೊಬ್ಬರ ಬದಲಾವಣೆಯನ್ನು ಮೂರಕ್ಕಿಂತ ಹೆಚ್ಚು ಸಲ ಹಿಂದಕ್ಕೆ ತಿರುಗಿಸಿದರೆ ತಿದ್ದುವುದಕ್ಕೇ ತಡೆ ಬೀಳಬಹುದಂತೆ. ಜೊತೆಗೆ ಒಬ್ಬ ಸಂಪಾದಕರು ಸಮಾಧಾನವಾಗಿಯೇ ಬರೆದಿದ್ದರು: ನೀವು ನೀವೇ ಎಂದು ನಮಗೆ ಹೇಗೆ ಗೊತ್ತಾಗಬೇಕು? ನೀವೇ ಆದರೂ, ಓದುವವರು ಎಲ್ಲಿ ಹೋಗಿ ಪರೀಕ್ಷಿಸಬೇಕು?

ಅವಮಾನ ಅನಿಸಿತು. ಆದರೆ ನನಗಿಂತ ದೊಡ್ಡವರಿಗೂ ಇದೇ ಗತಿಯಾಗಿತ್ತು. ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ತಮ್ಮ ಒಂದು ಕಾದಂಬರಿಗೆ ಯಾರು ಪ್ರೇರಣೆ ಎಂಬ ವಿಷಯ ತಿದ್ದಿಸಲು ಹೋದಾಗ, ಲೇಖಕರ ಮಾತು ಸಾಲದು, ಬೇರೆ ಆಧಾರ ಬೇಕು ಅಂದರಂತೆ. 2012ರಲ್ಲಿ ಅವರು ನ್ಯೂಯಾರ್ಕರ್ ಪತ್ರಿಕೆಯ ಜಾಲತಾಣದಲ್ಲಿ ವಿಕಿಪೀಡಿಯಕ್ಕೆ ಒಂದು ಬಹಿರಂಗ ಪತ್ರವನ್ನೇ ಬರೆದರು. ಅದು ಪ್ರಕಟವಾಗಿದ್ದೇ ಆಧಾರವೂ ಆಯಿತು. ನನಗೆ ನ್ಯೂಯಾರ್ಕರ್ ಎಲ್ಲಿ ಸಿಗಬೇಕು? ಪುಟದ ಬಗ್ಗೆ ಸಂಪಾದಕರು ಮಾತಾಡಿಕೊಳ್ಳುವ ‘ಚರ್ಚೆ’ ಪುಟವೇ ಗತಿ.

ಮೊದಲು ನನ್ನ ಹೆಸರಿನಲ್ಲೇ ಖಾತೆ ತೆರೆದು, ಈ ಪುಟ ನನ್ನ ಬಗ್ಗೆಯೇ ಇರುವುದು ಅಂತ ಆ ಖಾತೆಯ ಸದಸ್ಯ ಪುಟದಲ್ಲಿ ಬರೆದುಕೊಂಡೆ. ಇಲ್ಲಿ ಮುಚ್ಚಿಟ್ಟರೆ ಕೆಲಸ ಕೆಡುತ್ತದೆ. ನನ್ನ ಗೆಳೆಯರೊಬ್ಬರು ಬೇರೆ ಹೆಸರಿನಲ್ಲಿ ತಮ್ಮ ಪುಟ ತಿದ್ದಲು ಹೋಗಿ ಸಿಕ್ಕಿಬಿದ್ದಿದ್ದರು. ಆಮೇಲೆ ಅವರ ಸರಿಯಾದ ಮಾತನ್ನೂ ಯಾರೂ ನಂಬಲಿಲ್ಲ. ಖಾತೆ ಆದ ಮೇಲೆ ಚರ್ಚೆ ಪುಟದಲ್ಲಿ ಒಂದೊಂದು ತಪ್ಪಿಗೂ ಒಂದೊಂದು ಕೋರಿಕೆ ಹಾಕಿದೆ. ಈಗ ಇರುವ ಸಾಲು ಇದು, ಇರಬೇಕಾದ ಸಾಲು ಇದು, ಆಧಾರ ಇದು. ಅಷ್ಟೇ. ಮೊದಲ ಕರಡಿನಲ್ಲಿ ಎರಡು ಪುಟ ಗೋಳು ತೋಡಿಕೊಂಡಿದ್ದೆ, ಅದನ್ನು ಹರಿದುಹಾಕಿದ್ದು ಒಳ್ಳೆಯದೇ ಆಯಿತು. ಈ ಕೋರಿಕೆಗಳನ್ನು ನೋಡುವ ಸಂಪಾದಕರು ಸಂಬಳವಿಲ್ಲದೆ, ತಮ್ಮ ಬಿಡುವಿನಲ್ಲಿ ಓದುವವರು.

ವಿಚ್ಛೇದನದ ಸಾಲು ಒಂದೇ ಗಂಟೆಯಲ್ಲಿ ಹೋಯಿತು. ಬದುಕಿರುವವರ ಬಗ್ಗೆ ಆಧಾರವಿಲ್ಲದ, ವಿವಾದದ ಮಾತನ್ನು ಚರ್ಚೆಗೂ ಕಾಯದೆ ತೆಗೆಯಬೇಕು ಎಂಬುದು ಅಲ್ಲಿನ ಗಟ್ಟಿ ನಿಯಮ. ಇದರ ಹಿಂದೆಯೂ ಒಂದು ಕಥೆ ಇದೆ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ ಯಾರೋ ಕೀಟಲೆಗೆ, ಕೆನೆಡಿ ಸೋದರರ ಕೊಲೆಯಲ್ಲಿ ಇವರ ಕೈವಾಡದ ಶಂಕೆ ಇತ್ತು ಅಂತ ಬರೆದಿದ್ದರು. ಆ ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೇ ಕೂತಿತ್ತು. ಆಮೇಲೆ ಬದುಕಿರುವವರ ಪುಟಗಳ ಬಗ್ಗೆ ಬಿಗಿ ಜಾಸ್ತಿಯಾಯಿತು. ಅವರು ಪಟ್ಟ ಪಾಡಿನ ಲಾಭ ನನಗೆ ಸಿಕ್ಕಿತು.

ಕವನ ಸಂಕಲನದ್ದೂ ಸುಲಭ. ಐಎಸ್‌ಬಿಎನ್, ಪ್ರಕಾಶಕರು, ಗ್ರಂಥಾಲಯದ ಕೆಟಲಾಗಿನಲ್ಲಿ ನಮ್ಮಿಬ್ಬರಿಗೂ ಇದ್ದ ಬೇರೆ ಬೇರೆ ದಾಖಲೆ ಕೊಟ್ಟೆ. ಒಂದು ವಾರದಲ್ಲಿ ತೆಗೆದರು.

ಸತಾಯಿಸಿದ್ದು ಹುಟ್ಟಿದ ವರ್ಷ. ಜನನ ಪ್ರಮಾಣಪತ್ರದ ಫೋಟೊ ಹಾಕುತ್ತೇನೆ ಅಂದೆ. ಬೇಡವೇ ಬೇಡ ಅಂದರು. ಒಂದು, ಎಲ್ಲರೂ ನೋಡುವ ಪುಟದಲ್ಲಿ ಇಂಥ ಕಾಗದ ಹಾಕುವುದು ನನಗೇ ಅಪಾಯ. ಎರಡು, ಬದುಕಿರುವವರ ಬಗ್ಗೆ ಬರೆಯುವಾಗ ಅಂಥ ಸರ್ಕಾರಿ ದಾಖಲೆಯನ್ನು ಆಧಾರವಾಗಿ ಬಳಸುವುದಿಲ್ಲ. ಖಾಸಗಿ ವಿಷಯ ಹೇಳಲೇಬೇಕಿದ್ದರೆ ಇಮೇಲ್‌ನಲ್ಲಿ ಉತ್ತರಿಸುವ ಸ್ವಯಂಸೇವಕರ ತಂಡ ಬೇರೆ ಇದೆ, ಅಲ್ಲಿ ಹೇಳಿ ಅಂದರು.

ಸರಿ, ಈ ತಪ್ಪು ಬಂದಿದ್ದಾದರೂ ಎಲ್ಲಿಂದ? ಪುಟದ ‘ಇತಿಹಾಸ’ ತೆರೆದರೆ ಯಾವ ಸಾಲು ಯಾವತ್ತು ಸೇರಿತು ಎಂಬುದೆಲ್ಲ ಕಾಣುತ್ತದೆ. ವರ್ಷಕ್ಕೆ ಆಧಾರವಾಗಿ ಒಂದು ಪತ್ರಿಕೆಯ ಲೇಖನ ಕೊಟ್ಟಿದ್ದರು. ಆ ಲೇಖನ ಬರೆದವರಿಗೆ ಫೋನ್ ಮಾಡಿದೆ, ಜಗಳಕ್ಕೇ ಸಿದ್ಧವಾಗಿ. ಅವರು ನಗುತ್ತಾ “ನಿಮ್ಮ ಮೊದಲ ಪುಸ್ತಕದ ಹಿಂಬದಿ ನೋಡಿ” ಅಂದರು. ಕಪಾಟಿನಿಂದ ತೆಗೆದು ನೋಡಿದೆ. ಲೇಖಕರ ಪರಿಚಯದಲ್ಲಿ ನಾಲ್ಕು ವರ್ಷ ಹಿಂದಿನ ಇಸವಿ. ಆ ಪರಿಚಯ ಬರೆದುಕೊಟ್ಟಿದ್ದೂ ನಾನೇ, ಕರಡು ತಿದ್ದಿದ್ದೂ ನಾನೇ. ಒಳಗಿನ ಕಾಮಾ, ಪೂರ್ಣವಿರಾಮಗಳನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರಿಗೆ ರಕ್ಷಾಪುಟ ಕಂಡಿರಲಿಲ್ಲ. ಫೋನ್ ಇಡುವ ಮೊದಲು ಅವರ ಕ್ಷಮೆ ಕೇಳಿದೆ.

ಎರಡನೆಯ ಮುದ್ರಣದಲ್ಲಿ ಇಸವಿ ಸರಿಯಾಗಿತ್ತು. ಅದನ್ನು ಕೊಟ್ಟೆ. ನನ್ನ ಸ್ವಂತ ವೆಬ್‌ಸೈಟಿನಲ್ಲೂ ಒಂದು ಸಾಲು ಬರೆದು ಅದರ ಕೊಂಡಿ ಕೊಟ್ಟೆ. ಹೆಗ್ಗಳಿಕೆಯ ಮಾತಲ್ಲದಿದ್ದರೆ, ಇಂಥ ಸಣ್ಣ ಸಂಗತಿಗೆ ನಮ್ಮದೇ ಜಾಲತಾಣವನ್ನು ಒಪ್ಪುತ್ತಾರೆ. ಇದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ಪೂರ್ತಿ ದಿನಾಂಕ ಬೇಡ, ಇಸವಿ ಮಾತ್ರ ಇರಲಿ ಎಂದು ಕೇಳಿಕೊಂಡಿದ್ದಕ್ಕೂ ತಕರಾರು ಮಾಡಲಿಲ್ಲ.

ಇಷ್ಟಾದರೂ ಇಂಟರ್ನೆಟ್ಟಿನಲ್ಲಿ ನನ್ನ ಹೆಸರು ಹುಡುಕಿದಾಗ ಬರುವ ಚೌಕಟ್ಟಿನಲ್ಲಿ ಹಳೆಯ ಇಸವಿಯೇ. ವಿಕಿಡೇಟಾ ಎಂಬ ಸೋದರ ತಾಣದಲ್ಲಿ ಹುಟ್ಟು, ವೃತ್ತಿ ಇತ್ಯಾದಿ ಬೇರೆಯಾಗಿಯೇ ಇರುತ್ತವೆ, ಬೇರೆ ತಾಣಗಳು ಅಲ್ಲಿಂದಲೂ ಎತ್ತಿಕೊಳ್ಳುತ್ತವೆ. ಅಲ್ಲೂ ಕೋರಿಕೆ ಹಾಕಿದೆ. ಇಂಗ್ಲಿಷ್ ಪುಟ ಇನ್ನೊಂದು, ಅದಕ್ಕೂ ಪ್ರತ್ಯೇಕ. ಒಂದು ಭಾಷೆಯಲ್ಲಿ ತಿದ್ದಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.

ಇನ್ನು ಆ ವಿಮರ್ಶಕರ ಮಾತು. ಅದನ್ನೂ ತೆಗೆಯಿರಿ ಅಂತ ಕೋರಿಕೆ ಹಾಕಿದ್ದೆ. ಅಚ್ಚಾದ ವಿಮರ್ಶೆ, ಹೇಳಿದ್ದನ್ನೇ ಬರೆದಿದ್ದೇವೆ, ಇರುತ್ತದೆ ಅಂದರು. ಬೇರೆ ವಿಮರ್ಶೆಗಳಿದ್ದರೆ ತನ್ನಿ ಅಂದರು. ಹೊಗಳಿಕೆಯವು ಎರಡು ಕೊಟ್ಟೆ. ಒಂದು ನನ್ನ ಪ್ರಕಾಶಕರ ಪತ್ರಿಕೆಯಲ್ಲೇ ಬಂದಿದ್ದು ಅಂತ ಕಂಡುಹಿಡಿದು ಅದನ್ನು ಬಿಟ್ಟರು. ಇನ್ನೊಂದರಿಂದ ಒಂದು ಸಾಲು ಸೇರಿತು. ಈಗ ಎರಡೂ ಅಕ್ಕಪಕ್ಕ ಇವೆ, ಎಳೆದಾಡುವುದು ಮೊದಲು.

ನನ್ನ ಹೆಸರಿನ ಆ ಕವಿಗೆ ಹೋದ ತಿಂಗಳು ಯಾರೋ ಬೇರೆ ಪುಟ ತೆರೆದಿದ್ದಾರೆ. ಅವತ್ತು ವೇದಿಕೆಯಲ್ಲಿ ಹೊಗಳಿಸಿಕೊಂಡಿದ್ದ ಸಂಕಲನ ಅಲ್ಲಿ ಮೊದಲ ಸಾಲಿನಲ್ಲೇ ಇದೆ. ನನ್ನ ಪುಟದ ತಲೆಯ ಮೇಲೂ ಒಂದು ಸಣ್ಣ ಸೂಚನೆ ಬಂದಿದೆ: ‘ಇದೇ ಹೆಸರಿನ ಕವಿಯ ಬಗ್ಗೆ ಬೇರೆ ಪುಟವಿದೆ.’ ಹೋಗಿ ನೋಡಿದೆ. ಅವರ ಹುಟ್ಟಿದ ವರ್ಷದ ಜಾಗದಲ್ಲಿ ನನ್ನದು ಕೂತಿತ್ತು. ಅವರ ಚರ್ಚೆ ಪುಟದಲ್ಲಿ ಒಂದು ಕೋರಿಕೆ ಹಾಕಿ ಬಂದೆ.